ಎಮ್ಮೆ ಏಳುವ ಹದಿನೆಂಟು ಸೆಕೆಂಡು

ನೆರಳೂರು ಗದಗ,
೨೩೪೧ನೆಯ ಇಸವಿ, ಹದಿಮೂರನೆಯ ತಿಂಗಳ ಎರಡನೆಯ ತಾರೀಖು

ಚಿತ್ರಗಾರ ಶಾರವ್ವನಿಗೆ,

ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಬೆಳೆದು ಬೆಳೆದು ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ನಮ್ಮ ಹಿರಿಯರು ಇನ್ನೊಂದು ತಿಂಗಳು ಸೇರಿಸಿದರು. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವೆನಿಸಬಹುದು, ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ನಿನ್ನ ಕ್ಷಮೆ ಕೇಳುವವನಲ್ಲ.

ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನನ್ನ ಹೆಂಡತಿ ದ್ಯಾಮವ್ವ ತನ್ನದನ್ನು ಅವ್ವನಿಗೆ ಬರೆದು ಮೂರು ದಿನ ಅತ್ತಳು. ನಾನು ನಿನಗೆ ಬರೆಯುತ್ತೇನೆ ಎಂದಾಗ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಸತ್ತು ಮುನ್ನೂರು ವರ್ಷ ಆದಾಕಿ ಮ್ಯಾಲ ಹೊಟ್ಟಿಕಿಚ್ಚು ಪಡ್ತಿಯಲ್ಲ, ನಿನಗ ನಾಚಿಕಿ ಅನ್ನೂದು ಐತೇನು?" ಎಂದಳು. ಇಲ್ಲ. ಇದ್ದಿದ್ದರೆ ಈ ಕಾಗದ ನಿನಗೆ ಬರುತ್ತಿರಲಿಲ್ಲ.

ನಮ್ಮ ಊರು ಒಂದು ದೊಡ್ಡ ಬಿಳಿ ಬಟ್ಟೆಯ ಕೆಳಗಿದೆ, ಅದಕ್ಕೇ ನೆರಳೂರು. ಸೂರ್ಯ ನೇರ ಕಾಣುವುದಿಲ್ಲವಾದ್ದರಿಂದ ಬೆಳಗಾಯಿತೆಂದು ತಿಳಿಸುವುದು ಮನೆಮನೆಯಲ್ಲಿರುವ ಬೆಳಗುಗೋಡೆಯ ಕೆಲಸ. ಅದರ ಮೇಲೆ ದಿನಾ ನೀನು ಬರೆದ ಚಿತ್ರದ ಎಮ್ಮೆ ಏಳುತ್ತದೆ. ಹದಿನೆಂಟು ಸೆಕೆಂಡು. ಕಿವಿ ಕೊಡವುತ್ತದೆ, ಮುಂಗಾಲು ಊರುತ್ತದೆ, ಒಮ್ಮೆ ಜೋಲಿ ತಪ್ಪುತ್ತದೆ, ಕೊನೆಗೆ ಹೇಗೋ ಎದ್ದು ನಿಲ್ಲುತ್ತದೆ. ಆಮೇಲೆಯೇ ಜನ ಹಾಸಿಗೆ ಮಡಚುವುದು. ಎಮ್ಮೆಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದರೂ ಅದು ಜೋಲಿ ತಪ್ಪಿದಾಗ ನನ್ನ ಮೊಮ್ಮಗಳು ಶಿವಲೀಲಾ, "ಏಳವ್ವಾ, ಏಳ, ಇನ್ನೊಂದೀಟ!" ಎಂದು ಕೂಗುತ್ತಾಳೆ. ನನ್ನ ಮೊಮ್ಮಗಳು! ನನ್ನ ಮನೆಯಲ್ಲಿ!

ನಾನೂ ನಿನ್ನ ಕಸುಬಿನವನೇ. ಈಗ ಅನಿಮೇಷನ್ ಎಂದರೆ ನೆನಹುಚಿತ್ರ: ಮನಸ್ಸಿನಲ್ಲಿ ಅಂದುಕೊಂಡದ್ದು ತಾನೇ ಚಲಿಸುತ್ತದೆ, ಯಾರೂ ಗೆರೆ ಎಳೆಯುವುದಿಲ್ಲ. ಕೈಯಿಂದ ಬರೆಯುವವರು ಊರಿನಲ್ಲಿ ಹನ್ನೊಂದೇ ಜನ, ನಮ್ಮನ್ನು ಗೆರೆಯವರು ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಕೂತು ನಾನೊಂದು ಕೊಕ್ಕರೆ ಹಾರುವುದನ್ನು ಬರೆದೆ. ಒಂದೊಂದು ಗರಿಯನ್ನೂ ನೋಡಬೇಕು ನೀನು! ಜನ ನೋಡಿ, "ಛಲೋ ಐತಿ. ಶಾರವ್ವನ ಎಮ್ಮಿ ನೋಡಿ ಕಲ್ತಿಯೇನು?" ಎಂದರು. ನೀನು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಪ್ರೆಸ್ಸಿನಲ್ಲಿ ಮಿಕ್ಕ ಮದುವೆ ಕಾರ್ಡುಗಳ ಖಾಲಿ ಬದಿಯ ಮೇಲೆ, ಯಾರೂ ಕಲಿಸದೆ ಇನ್ನೂರ ಹದಿನಾರು ಚಿತ್ರ ಬರೆದೆಯಂತೆ. ನಮ್ಮ ಸೀಮೆಯಲ್ಲಿ ಚಿತ್ರವನ್ನು ನಡೆಸಿದವಳು ನೀನೇ ಮೊದಲಂತೆ. ಮಕ್ಕಳ ಪಾಠದಲ್ಲಿ ನೀನು, ಓಣಿಗೆ ನಿನ್ನ ಹೆಸರು. ಮೊದಲು ಹುಟ್ಟಿದ್ದು ಬಿಟ್ಟರೆ ಇವಳು ಮಾಡಿದ್ದಾದರೂ ಏನು ಎಂದು ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ಹಳೆಯ ಪಶುವೈದ್ಯದ ಪುಸ್ತಕವೊಂದು ಸಿಕ್ಕಿತು. ಎಮ್ಮೆ ಮೊದಲು ಹಿಂಭಾಗ ಎತ್ತಿ ಏಳುತ್ತದೆ, ಮುಂಗಾಲು ಮೊದಲು ಊರುವುದು ಕುದುರೆ ಎಂದು ಅದರಲ್ಲಿತ್ತು. ನಾನು ಕುಣಿದಾಡಿಬಿಟ್ಟೆ. ಶಾರವ್ವ ತಪ್ಪಿದ್ದಾಳೆ! ತಪ್ಪು ಚಿತ್ರ ಇಳಿಸಿ, ನನ್ನ ಕೊಕ್ಕರೆ ಏರಿಸಿ ಎಂದು ಊರ ಸಭೆಗೆ ಅರ್ಜಿ ಕೊಟ್ಟೆ. ಸಭೆ ಒಪ್ಪಿತು. ಮೂಲ ಚಿತ್ರಗಳನ್ನು ನಾನೇ ಪರೀಕ್ಷಿಸಿ ನಾಳೆ ಸಭೆಗೆ ಹೇಳಬೇಕು, ಅವುಗಳಲ್ಲಿ ನಿನ್ನ ಪರವಾದ ಸಾಕ್ಷಿ ಇಲ್ಲವಾದರೆ ನಾಳಿದ್ದಿನಿಂದ ಕೊಕ್ಕರೆ.

ನಿನ್ನ ಚಿತ್ರಗಳನ್ನು ಹಲಗೆಗೆ ಅಂಟಿಸಿಟ್ಟಿದ್ದಾರೆ. ಮುನ್ನೂರು ವರ್ಷದಿಂದ ಅವುಗಳ ಹಿಂಬದಿ ಕಂಡವರಿಲ್ಲ. ಮುಂಗಾಲು ಊರುವ ತೊಂಬತ್ತೇಳನೆಯ ಚಿತ್ರವನ್ನು ನಾನು ಇವತ್ತು ಬೆಳಿಗ್ಗೆ ಹಲಗೆಯಿಂದ ಬಿಡಿಸಿ ತೆಗೆದೆ. ಹಿಂಬದಿಯಲ್ಲಿ, ಅಚ್ಚಾದ ಮದುಮಕ್ಕಳ ಹೆಸರಿನ ಕೆಳಗೆ, ಪೆನ್ಸಿಲ್ಲಿನಲ್ಲಿ ನಿನ್ನ ಕೈಬರಹ: "ಎಲ್ಲಾ ಎಮ್ಮಿ ಹಿಂದಿಂದ ಏಳ್ತಾವ. ನಮ್ಮ ಕರೆವ್ವಂದು ಹಿಂಗಾಲು ಸೋತಾವ, ಆಕಿ ಮುಂದಿಂದ ಏಳ್ತಾಳ. ಮೂರು ದಿನ ಎದುರಿಗೆ ಕುಂತು ನೋಡೇನಿ. ಇನ್ನ ಏಳೂದಿಲ್ಲ ಅಂದಿದ್ರು, ಎದ್ದಳು."

ನಿನಗೆ ಗೊತ್ತಿತ್ತು. ಅಯ್ಯೋ, ನಿನಗೆ ಎಲ್ಲ ಗೊತ್ತಿತ್ತು! ನಾನು ಕೊಕ್ಕರೆಯನ್ನು ಒಂದು ಕ್ಷಣವೂ ನೋಡಿದವನಲ್ಲ ಶಾರವ್ವ, ನಮ್ಮ ಕಾಲದಲ್ಲಿ ಕೊಕ್ಕರೆಗಳಿಲ್ಲ. ಪುಸ್ತಕ ನೋಡಿ ಬರೆದೆ. ನಿನಗೆ ಎದುರಿಗೆ ಕೂರಲು ಒಂದು ಎಮ್ಮೆಯಿತ್ತು. ನಿನ್ನ ಓಣಿ, ನಿನ್ನ ಹೆಸರು ಎಲ್ಲಕ್ಕಿಂತ ಇದೇ ನನ್ನ ಹೊಟ್ಟೆ ಉರಿಸುತ್ತಿದೆ.

ಆ ಬರಹ ಕಂಡವನು ನಾನೊಬ್ಬನೇ. ಮುಚ್ಚಿಟ್ಟರೆ ನಾನು ಸುಳ್ಳುಗಾರ, ತೋರಿಸಿದರೆ ಹತ್ತೊಂಬತ್ತು ವರ್ಷ ಮಣ್ಣುಪಾಲು. ಯಾವ ದಿನ ಎಷ್ಟನೆಯ ಚಿತ್ರ ಎಂದಷ್ಟೇ ಬರೆದಿಟ್ಟ ನಿನ್ನ ದಿನಚರಿ ನಮ್ಮಲ್ಲಿ ಉಳಿದಿದೆ, ಅದರ ಪ್ರಕಾರ ಈ ಕಾಗದ ತಲುಪುವ ಹೊತ್ತಿಗೆ ನೀನು ತೊಂಬತ್ತಾರನೆಯ ಚಿತ್ರ ಮುಗಿಸಿರುತ್ತೀ. ಹಿಂದೋಲೆ ಓದಿದವರು ಮಾಡದೆ ಬಿಟ್ಟದ್ದು ನಮ್ಮಲ್ಲಿಯೂ ಅಳಿದುಹೋಗುತ್ತದೆ, ಅದನ್ನು ಕಂಡ ನೆನಪೂ ಉಳಿಯುವುದಿಲ್ಲ. ಹಾಗಾಗಿ ಚಿತ್ರ ಬರೆ, ಶಿವಲೀಲಾಳ ಎಮ್ಮೆ ಅಳಿಯಲಿ ಎನ್ನಲಾರೆ. ಹಿಂಬದಿಯ ಆ ನಾಲ್ಕು ಮಾತು ಮಾತ್ರ ಬರೆಯಬೇಡ. ಅದರಿಂದ ನಿನಗೇನೂ ಆಗಬೇಕಾಗಿಲ್ಲ, ನಾನಾದರೂ ಮುಚ್ಚಿಡಲು ಏನೂ ಇಲ್ಲದೆ ನಾಳೆ ನಿಯತ್ತಿನ ಮನುಷ್ಯನಾಗಿ ಗೆಲ್ಲುತ್ತೇನೆ. ಕೈಮುಗಿಯುತ್ತೇನೆ.

ಇಲ್ಲ, ಬರೆದೇ ತೀರುತ್ತೇನೆ ಎನ್ನುವುದಾದರೆ, ಅಷ್ಟಕ್ಕೇ ನಿಲ್ಲಿಸಬೇಡ. ಆ ಮೂರು ದಿನ ಕರೆವ್ವ ಹೇಗೆ ಉಸಿರುಬಿಟ್ಟಳು, ಅವಳ ಮೈ ಎಷ್ಟು ಬೆಚ್ಚಗಿತ್ತು, ನಿನ್ನನ್ನು ಹೇಗೆ ನೋಡಿದಳು, ಎಲ್ಲವನ್ನೂ ಬರೆ. ಸಭೆಗೆ ಓದಿ ಹೇಳುವವನು ನಾನೇ ತಾನೇ, ನನಗೂ ಒಮ್ಮೆ ಎಮ್ಮೆ ಕಾಣಲಿ.

ನಿನ್ನನ್ನು ಸಹಿಸಲಾರದ,
ಕಳಕಪ್ಪ ಬೆಳವಣಕಿ