ಐದನೆಯದು, ಒಂಬತ್ತನೆಯದು

ಮಾರ್ಚ್ 3, ಸೋಮವಾರ

ಇವತ್ತು ಕೋರ್ಟಿನ ಕ್ಲರ್ಕ್ ಆಗಿ ಹನ್ನೊಂದು ಸಾಕ್ಷಿಗಳಿಗೆ ಪ್ರಮಾಣವಚನ ಹೇಳಿಕೊಟ್ಟೆ. ‘ಸತ್ಯವನ್ನೇ ಹೇಳುತ್ತೇನೆ...’ ಗಂಟಲು ಒಣಗಿತು. ಮನೆಗೆ ಬಂದರೆ ನನಗೇ ಸಮನ್ಸ್! ಇಪ್ಪತ್ತನಾಲ್ಕಕ್ಕೆ, ನಮ್ಮ ಪಕ್ಕದ ಕೋರ್ಟ್ ಹಾಲ್‌ನಲ್ಲಿ. ಅಪ್ಪನ ಆ್ಯಕ್ಸಿಡೆಂಟ್ ಕೇಸು. ಕಾರಿನಲ್ಲಿ ಜೊತೆಗಿದ್ದವಳು ನಾನೊಬ್ಬಳೇ.

ಪೊಲೀಸರಿಗೆ ಅಪ್ಪ ಹೇಳಿದ್ದು — ತಮಗೆ ಹಸಿರು ಸಿಗ್ನಲ್ ಇತ್ತು, ಪೋಸ್ಟ್ ಹಂಚುವ ಹೆಂಗಸೇ ಸೈಕಲ್ ಅಡ್ಡ ತಂದಳು. ಸುಳ್ಳು. ಕೆಂಪಿತ್ತು. ನಾನು ಕೂಗಿಕೊಂಡೆ. ಅಪ್ಪನಿಗೆ ಕಾಣಲೇ ಇಲ್ಲ. ಕಣ್ಣಿಗೆ ಪೊರೆ ಬಂದು ವರ್ಷವಾಯಿತು, ಮನೆಯ ಹೊರಗೆ ಯಾರಿಗೂ ಹೇಳಿಲ್ಲ. ಅವಳ ಕಾಲು ಮುರಿದಿದೆ.

ಮಾರ್ಚ್ 5

ಅಮ್ಮ ಶುರು ಮಾಡಿದಳು. “ಹೆತ್ತಪ್ಪನ ವಿರುದ್ಧ ಸಾಕ್ಷಿ ಹೇಳ್ತೀಯೇನೇ? ತಂದೆತಾಯಿಗಳನ್ನು ಸನ್ಮಾನಿಸು ಅಂತ ಬೈಬಲಿನ ಐದನೇ ಆಜ್ಞೆ. ನಿಂಗೆ ಕಲಿಸಿದ್ದೇ ಅವರು.”

“ಸುಳ್ಳುಸಾಕ್ಷಿ ಹೇಳಬೇಡ ಅನ್ನೋ ಒಂಬತ್ತನೇದನ್ನೂ ಅವರೇ ಕಲಿಸಿದ್ದು ಕಣಮ್ಮಾ.”

ಪಾತ್ರೆ ಕುಕ್ಕಿದಳು.

ಅಪ್ಪ ಚರ್ಚಿನಲ್ಲಿ ಮೂವತ್ತು ವರ್ಷ ಸಂಡೇ ಸ್ಕೂಲ್ ಮೇಷ್ಟ್ರು! ಹೇಳೋದು ಶಾಸ್ತ್ರ, ಹಾಕೋದು ಗಾಳ... ಛೆ, ಹೀಗೆ ಬರೆಯಬಾರದಿತ್ತು. ಪಾಪ, ಹೆದರಿದ್ದಾರೆ.

ಮಾರ್ಚ್ 6

ಊಟದ ಬಿಡುವಿನಲ್ಲಿ ಕೋರ್ಟ್ ಲೈಬ್ರರಿ. ಒಂಬತ್ತನೆಯ ಆಜ್ಞೆ ಕಾನೂನಿನಲ್ಲೂ ಇದೆ, ಸುಳ್ಳುಸಾಕ್ಷಿಗೆ ಜೈಲು. ಐದನೆಯದು ಎಲ್ಲೂ ಇಲ್ಲ. ನಾವೆಲ್ಲ ‘ತಾತ’ ಎನ್ನುವ ಹಳೇ ವಕೀಲರು ನಕ್ಕರು. “ಇದೆ ಕಣಮ್ಮ, ಹಿಂಬಾಗಿಲಿಂದ ಬಂದು ಕೂತಿದೆ.” ಹೊಸ ತಿದ್ದುಪಡಿಯ ಪುಟ ತೆಗೆದು ತೋರಿಸಿದರು — ತಂದೆತಾಯಿಯ ವಿರುದ್ಧ ಸಾಕ್ಷಿ ಹೇಳಲು ಮಕ್ಕಳು ನಿರಾಕರಿಸಬಹುದು. “ಬಾಯಿ ಮುಚ್ಕೊಂಡಿರು. ಯಾರೂ ಏನೂ ಮಾಡೋಕಾಗಲ್ಲ.”

ಅಬ್ಬಾ! ಸುಳ್ಳೂ ಬೇಡ, ಅಪ್ಪನನ್ನು ಬಿಟ್ಟುಕೊಡುವುದೂ ಬೇಡ. ಮನೆಗೆ ಬಂದು ಹೇಳಿದಾಗ ಅಮ್ಮ ತಬ್ಬಿಕೊಂಡಳು. ಅಪ್ಪ ಎದ್ದು ಗೋಡೆ ತಡವಿಕೊಂಡು ಒಳಗೆ ಹೋದರು.

ಮಾರ್ಚ್ 17

ಹೋಗಬಾರದಿತ್ತು. ಹೋದೆ. ಪೋಸ್ಟಿನವಳ ಕಾಲು ಇನ್ನೂ ಪ್ಲಾಸ್ಟರಿನಲ್ಲಿದೆ. ಕೆಂಪು ಸಿಗ್ನಲ್ ದಾಟಿದ್ದು ಅವಳೇ ಎಂದು ತೀರ್ಮಾನವಾದರೆ ಕೆಲಸ ಹೋಗುತ್ತದಂತೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ನನಗೇ ಹಸಿರಿತ್ತು ಅಂತ ಹೇಳಿ ಹೇಳಿ ಸಾಕಾಯ್ತಕ್ಕಾ. ಯಾರೂ ನಂಬಲ್ಲ. ಈಗೀಗ ನನಗೇ ಅನುಮಾನ... ನಾನೇ ತಪ್ಪು ನೋಡಿದ್ನೇನೋ?”

ನನ್ನ ಮೌನವನ್ನು ಕಾನೂನು ಕ್ಷಮಿಸುತ್ತದೆ, ಸರಿ. ಇವಳು ತನ್ನ ಕಣ್ಣನ್ನೇ ನಂಬದ ಹಾಗೆ ಮಾಡುವುದಕ್ಕೆ ಯಾವ ಆಜ್ಞೆಯಲ್ಲಿ ರಿಯಾಯಿತಿ ಇದೆ?

ಮಾರ್ಚ್ 22

ಹೇಳಿಬಿಟ್ಟೆ. “ಅಪ್ಪಾ, ನಾನು ಸುಮ್ಮನಿರಲ್ಲ. ನಿಜ ಹೇಳ್ತೀನಿ.” ಹೇಳುತ್ತಲೇ ಅತ್ತುಬಿಟ್ಟೆ.

ಅಪ್ಪ ಕಪ್ ತಡಕಿ ನನ್ನ ಕಡೆ ಸರಿಸಿದರು. ಆಮೇಲೆ, “ಟೀ ಆರಿಹೋಗುತ್ತೆ, ಕುಡಿ” ಎಂದರು. ಅಷ್ಟೇ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಮಾರ್ಚ್ 24, ಬೆಳಿಗ್ಗೆ 10.40

ಕೋರ್ಟ್ ಹಾಲ್ ಹೊರಗಿನ ಬೆಂಚು. ದಿನಾ ಸಾಕ್ಷಿಗಳನ್ನು ಕೂರಿಸುವ ಜಾಗದಲ್ಲಿ ನಾನೇ ಕೂತಿದ್ದೇನೆ. ಎದುರು ಪೋಸ್ಟಿನವಳು, ಊರುಗೋಲು. ಪಕ್ಕದಲ್ಲಿ ಅಪ್ಪ, ಅವರ ವಕೀಲರು.

ಕೇಸು ಕೂಗಿದರು. ಅಪ್ಪ ಎದ್ದರು. ಕೈ ಚಾಚಿ ಗಾಳಿಯಲ್ಲಿ ತಡಕಾಡಿ ನನ್ನ ಭುಜ ಹಿಡಿದರು. ಎಲ್ಲರಿಗೂ ಕೇಳುವಷ್ಟು ಜೋರಾಗಿ, “ಬಾಗಿಲು ಎಲ್ಲಿದೆ ಮಗಳೇ? ನಂಗೆ ಕಣ್ಣು ಕಾಣಲ್ಲ. ಅವತ್ತೂ ಕಾಣ್ತಿರಲಿಲ್ಲ” ಎಂದರು. ವಕೀಲರು “ಸಾರ್, ಸಾರ್” ಎನ್ನುತ್ತಿದ್ದಾರೆ. ಅಪ್ಪ ಕೇಳುತ್ತಿಲ್ಲ. “ಬರೆದಿದ್ದು ಸಾಕು, ಏಳು. ಮೊದಲು ನಾನು ಹೇಳ್ತೀನಿ, ಆಮೇಲೆ ನೀ—