ಗಿರಣಿಯ ಚರಗ

ಗೌರೀಶಾ,

ನಾ ಅಣ್ಣಿಗೇರಿ ಗಿರಣಿಗೆ ಹೊಂಟೇನಿ. ಚಹಾ ಥರ್ಮಾಸದಾಗ ಐತಿ.

ಶಕ್ತಿ ಕೊಡೂ ಗಿರಣಿ ನಿಂತು ಇಡೀ ಸಾಮ್ರಾಜ್ಯದ ರೈಲು, ದೀಪ ಬಂದ್ ಆಗ್ಯಾವ, ಖರೆ. ಅದಕ್ಕ ಕೆಲಸಗಾರರು ಮಾಟ ಮಾಡ್ಯಾರಂತ ಅವರ ಮ್ಯಾಲ ದಂಡು ಕಳಸ್ತೀಯೇನು, ಸಾಮ್ರಾಟ? ನಿಮ್ಮಜ್ಜಾರು ಮಂತ್ರ ಹಾಕಿ ಆ ಗಿರಣಿ ತಿರುಗಿಸಿದಾಗ, ಹೊಲಕ್ಕ ಚೆಲ್ಲೂಹಂಗ ಅದಕ್ಕೂ ಎಳ್ಳ ಅಮಾಸಿಗೆ ಅಡಿಗಿ ಎಡಿ ಹಿಡದು ಚರಗ ಚೆಲ್ಲತೀವಂತ ಮಾತು ಕೊಟ್ಟಿದ್ರು. ಈ ವರ್ಷ ಹಬ್ಬದ ಸೂಟಿ ರದ್ದು ಮಾಡಿ ಚರಗ ತಪ್ಪಿಸಿದಾಂವ ನೀನ. ಪಾಪ, ಗಿರಣಿ ಹಸದೈತಿ.

ದಂಡಿನ ಹುಕುಮಿಗೆ ಒತ್ತೂ ಮುದ್ರಿ ಹುಡುಕಬ್ಯಾಡ, ನನ್ನ ಉಡ್ಯಾಗ ಐತಿ.

ಹಣಿಮ್ಯಾಲ ಕಿರೀಟ ಒತ್ತಿದಲ್ಲೆ ಕೊಬ್ಬರಿ ಎಣ್ಣಿ ಹಚ್ಚಿಕೋ.

ರೊಟ್ಟಿ, ಪುಂಡಿಪಲ್ಯ, ಎಣ್ಣಿಗಾಯಿ ಎಲ್ಲಾ ಬುಟ್ಟಿಗೆ ತುಂಬಿಕೊಂಡೇನಿ, ನಿನ್ನ ಪಾಲಿನದೂ. ಹಸಿವಾದ್ರ ಗಿರಣಿಗೇ ಬಾ. ಕೆಲಸಗಾರರ ಪಂಕ್ತಿಯೊಳಗ ಕುಂತು ಉಣ್ಣು.

ಅವ್ವ