ಅಜ್ಜಿಯ ಹೆಸರಿನ ಕುಂಡ

ತಿಕೋಟಾ

ಅವ್ವಾ,

ನಿನಗೂ, ಇದನ್ನು ನಿನಗೆ ಓದಿ ಹೇಳುವವರಿಗೂ ನಮಸ್ಕಾರ.

ನಾನು ಮದುವೆಯಾಗಿ ಚರ್ಚಿಗೆ ಹೋಗತೊಡಗಿದ ಮೇಲೆ ನೀನು ಈ ಮನೆಗೆ ಬಂದಿಲ್ಲ. ಆ ಮಾತು ಬಿಡು. ನಿನ್ನ ಮೊಮ್ಮಕ್ಕಳಿಬ್ಬರಿಗೂ ನಾನೇ ಮನೆಯಲ್ಲಿ ಪಾಠ ಹೇಳುತ್ತೇನೆ. ನಮ್ಮ ಮನೆಯವರು ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ನನ್ನ ಮಾತಿಗೆ ಆ ಇಬ್ಬರೇ.

ಬೈಬಲಿನಲ್ಲಿ ದೇವರು ಮೂರನೆಯ ದಿನ ಗಿಡಬಳ್ಳಿ ಸೃಷ್ಟಿಸಿದ ಪಾಠ ಮುಗಿಸಿ, ಕುಂಡಗಳಲ್ಲಿ ಮೆಂತ್ಯ, ಹೆಸರುಕಾಳು ಹಾಕಿಸಿದೆ. ಒಂದೊಂದು ಕುಂಡಕ್ಕೆ ಒಬ್ಬೊಬ್ಬರ ಹೆಸರು. ಒಂದು ಬಿಟ್ಟು ಎಲ್ಲವೂ ಮೊಳೆತಿವೆ. ನಿನ್ನ ಹೆಸರಿನದರಲ್ಲಿ ಮಾತ್ರ ಮಗಳು ಎಸ್ತೇರ ತನಗೆ ಇಷ್ಟವೆಂದು ಒಣದ್ರಾಕ್ಷಿ ಹೂತಿದ್ದಾಳೆ. ಅದರಲ್ಲಿ ಬೀಜವೇ ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ದಿನಾ ನೀರು ಹಾಕಿ, "ಯವ್ವಾ, ಅಜ್ಜಿ ಯಾಕ ಇನ್ನೂ ಬರವಲ್ಲಳು?" ಎನ್ನುತ್ತಾಳೆ.

ನೀನು ಬೂದಿಯಲ್ಲಿ ಕಲಸಿಡುವ ಅವರೆ ಬೀಜ ಒಂದಿಷ್ಟು, ನಿನ್ನೂರು ಸಾರವಾಡದಿಂದ ಈ ಕಡೆ ಬರುವವರ ಕೈಯಲ್ಲಿ ಕಳಿಸು. ಮಧ್ಯಾಹ್ನ ಮಕ್ಕಳು ಮಲಗಿದಾಗ ಆ ಕುಂಡದಲ್ಲಿ ಊರುತ್ತೇನೆ.

ದ್ರಾಕ್ಷಿ ಹಾಕಿದಲ್ಲಿ ಅವರೆ ಹೇಗೆ ಬಂತು ಎಂದು ಅವಳು ಕೇಳದೆ ಬಿಡುವುದಿಲ್ಲ. ಅದನ್ನು ನೀನೇ ಬಂದು ಹೇಳು.

ನಿನ್ನ ಮಗಳು,
ಸೌಭಾಗ್ಯ